ಎಚ್ಚರದಿಂದ ಕಾರು ಓಡಿಸುವವರ ಪ್ರೀಮಿಯಂ ಏರುವುದೇಕೆ? ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ,
ಹೈದರಾಬಾದ್.

ವಿಷಯ: ಕ್ಲೇಮ್ ಮಾಡದ ಕಾರು ಮಾಲೀಕರ ವಿಮಾ ಪ್ರೀಮಿಯಂ ಕಾರಣ ತಿಳಿಸದೆ ಏರುತ್ತಿರುವ ಬಗ್ಗೆ.

ಮಾನ್ಯರೇ,

ನಾನು ಮೈಸೂರಿನವನು, ಬ್ಯಾಂಕ್ ನೌಕರಿಯಿಂದ ನಿವೃತ್ತನಾದವನು. ಲೆಕ್ಕಪತ್ರ ನೋಡಿ ಅಭ್ಯಾಸವಿದೆ ಎಂಬ ಕಾರಣಕ್ಕೆ ನಮ್ಮ ಬಡಾವಣೆಯ ಹಲವರು ಕಾರಿನ ವಿಮೆ ನವೀಕರಿಸುವ ಸಮಯ ಬಂದಾಗ ಹಳೆಯ ಪಾಲಿಸಿಯನ್ನೂ ಹೊಸ ನೋಟಿಸನ್ನೂ ಹಿಡಿದು ನನ್ನ ಮನೆಗೆ ಬರುತ್ತಾರೆ. ಹಾಗೆ ಬರುವವರಲ್ಲಿ ಹೆಚ್ಚಿನವರು ನಿಧಾನವಾಗಿ, ನಿಯಮ ಮೀರದೆ ಗಾಡಿ ಓಡಿಸುವವರು. ವರ್ಷಗಟ್ಟಲೆ ಕಂಪನಿಯಿಂದ ಒಂದು ರೂಪಾಯಿಯನ್ನೂ ಕೇಳದವರು. ಅವರೆಲ್ಲರ ಪ್ರಶ್ನೆ ಒಂದೇ: ಗಾಡಿಗೆ ಗೀರು ಬಿದ್ದಿಲ್ಲ, ಕ್ಲೇಮ್ ಹಾಕಿಲ್ಲ, ಕಾರಿನ ಬೆಲೆಯೂ ಕಳೆದ ವರ್ಷಕ್ಕಿಂತ ಇಳಿದಿದೆ, ಹೀಗಿದ್ದೂ ಪ್ರೀಮಿಯಂ ಏರಿದ್ದು ಯಾವ ಲೆಕ್ಕದಲ್ಲಿ? ಇದಕ್ಕೆ ಉತ್ತರ ಹೇಳಬೇಕಾದವು ವಿಮಾ ಕಂಪನಿಗಳು. ಅವು ಹೇಳುತ್ತಿಲ್ಲ. ಅವು ಹೇಳುವಂತೆ ಮಾಡುವ ಅಧಿಕಾರ ಇರುವುದು ತಮಗೆ. ಆದ್ದರಿಂದ ಈ ಪತ್ರವನ್ನು ತಮಗೇ ಬರೆಯುತ್ತಿದ್ದೇನೆ.

ಏರಿಕೆಯೇ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಇಂದಿನ ಕಾರುಗಳ ಬಂಪರಿನಲ್ಲಿ ಸೆನ್ಸರ್ ಇದೆ, ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇದೆ, ಹೆಡ್‌ಲೈಟು ಎಲ್‌ಇಡಿಯಾಗಿದೆ. ಮೊದಲು ಬಡಿದು ಬಣ್ಣ ಹೊಡೆದರೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಇಡೀ ಭಾಗವನ್ನೇ ಬದಲಿಸಬೇಕಾಗುತ್ತದೆ. ಅಪಘಾತದಲ್ಲಿ ಮಡಿದವರ ಕುಟುಂಬಕ್ಕೆ ಸಿಗುವ ಪರಿಹಾರವೂ ಹೆಚ್ಚಿದೆ. 2017ರ ಅಕ್ಟೋಬರ್‌ನಲ್ಲಿ ಪ್ರಣಯ್ ಸೇಠಿ ಪ್ರಕರಣದ ತೀರ್ಪು ನೀಡಿದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮೃತರು ಮುಂದೆ ಗಳಿಸಬಹುದಾಗಿದ್ದ ಹೆಚ್ಚಿನ ಆದಾಯವನ್ನೂ ಪರಿಹಾರದ ಲೆಕ್ಕಕ್ಕೆ ಸೇರಿಸಬೇಕೆಂದು ಸ್ಪಷ್ಟಪಡಿಸಿತು. ಆ ಹಣ ಆ ಕುಟುಂಬಗಳಿಗೆ ಸಲ್ಲಲೇಬೇಕಾದದ್ದು, ಅದರ ಭಾರದಲ್ಲಿ ನಮ್ಮ ಪಾಲೂ ಇರಬೇಕಾದದ್ದು. ನಮ್ಮ ದೂರು ಇರುವುದು ಬೇರೆ ಕಡೆ. ಈ ವ್ಯವಸ್ಥೆಯಲ್ಲಿ ಎಚ್ಚರದಿಂದ ಓಡಿಸುವವನನ್ನು ಗುರುತಿಸುವ ಸ್ಥಳವೇ ಇಲ್ಲ. ಅವನ ಪ್ರೀಮಿಯಂ ಏರಿದಾಗ ಕಾರಣ ಹೇಳಬೇಕೆಂಬ ಕಟ್ಟುಪಾಡೂ ಇಲ್ಲ.

ಮೊದಲು, ಹೊಸ ಕಾರು ಕೊಂಡವರಿಗೆ ನಾಲ್ಕನೆಯ ವರ್ಷದಲ್ಲಿ ಎದುರಾಗುವ ಆಘಾತದ ವಿಷಯ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಪರಿಹಾರ ಕೊಡುವ ವಿಮೆಯನ್ನು, ಒಟ್ಟಿಗೇ ಕೊಳ್ಳಬೇಕು. ವಿಮೆಯಿಲ್ಲದ ಗಾಡಿಗಳು ರಸ್ತೆಗಿಳಿಯಬಾರದೆಂಬ ಆ ಆದೇಶದ ಉದ್ದೇಶ ಒಳ್ಳೆಯದು. ಆದರೆ ಷೋರೂಂನಲ್ಲಿ ಆ ಮೊತ್ತ ಕಾರಿನ ಆನ್‌ರೋಡ್ ಬೆಲೆಯೊಳಗೆ ಸೇರಿಹೋಗಿರುತ್ತದೆ. ಕೊಳ್ಳುವವರು ಅದನ್ನು ಬೇರೆಯಾಗಿ ಗಮನಿಸುವುದಿಲ್ಲ, ಮಾರುವವರು ಬಿಡಿಸಿ ಹೇಳುವುದೂ ಇಲ್ಲ. ಎರಡನೆಯ ಮತ್ತು ಮೂರನೆಯ ವರ್ಷ ಅವರು ನವೀಕರಿಸುವುದು ಸ್ವಂತ ಗಾಡಿಯ ಹಾನಿಯ ಭಾಗವನ್ನು, ಅಂದರೆ ಎಲ್ಲರೂ ಓಡಿ ಎಂದು ಕರೆಯುವ ಭಾಗವನ್ನು ಮಾತ್ರ. ನಾಲ್ಕನೆಯ ವರ್ಷ ಥರ್ಡ್ ಪಾರ್ಟಿ ಪ್ರೀಮಿಯಂ ತಟಕ್ಕನೆ ಮರಳಿ ಬರುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯ ಪ್ರಕಾರ 1000ದಿಂದ 1500 ಸಿಸಿಯ ಖಾಸಗಿ ಕಾರಿಗೆ ಇದು ವರ್ಷಕ್ಕೆ 3,416 ರೂಪಾಯಿ. ಶೇ 18ರ ಜಿಎಸ್‌ಟಿ ಸೇರಿದರೆ 4,031 ರೂಪಾಯಿ. ನೋಟಿಸಿನಲ್ಲಿ ಕಾಣುವುದು ಒಟ್ಟು ಮೊತ್ತ ಮಾತ್ರವಾದ್ದರಿಂದ, ಪ್ರೀಮಿಯಂ ಒಂದೇ ಏಟಿಗೆ ಇಮ್ಮಡಿಯಾಯಿತೆಂದು ಜನ ಗಾಬರಿಯಾಗುತ್ತಾರೆ. ನಮ್ಮ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಕಾರಿನ ಹೆಸರಿನಲ್ಲಿ ಬೇರೆ ಯಾರೋ ಕ್ಲೇಮ್ ಮಾಡಿರಬೇಕೆಂದು ಶಂಕಿಸಿ ನನ್ನ ಬಳಿ ಬಂದಿದ್ದರು. ಅವರಿಗೆ ನಾನು ಬಿಡಿಸಿ ಹೇಳಿದ ಈ ನಾಲ್ಕು ವಾಕ್ಯಗಳನ್ನು ಕಂಪನಿಯೇ ನೋಟಿಸಿನಲ್ಲಿ ಅಚ್ಚುಹಾಕಿದ್ದರೆ ಅವರು ಅಷ್ಟು ದಿನ ಕಳವಳಪಡಬೇಕಾಗಿರಲಿಲ್ಲ.

ಅದೇ ದರಪಟ್ಟಿಯಲ್ಲಿ ನನ್ನ ಗಮನ ಸೆಳೆದ ಇನ್ನೊಂದು ಸಂಗತಿಯಿದೆ. ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟುವ ಮೊತ್ತ 10,640 ರೂಪಾಯಿ. ವರ್ಷಕ್ಕೆ 3,416ರಂತೆ ಮೂರು ವರ್ಷಕ್ಕೆ ಲೆಕ್ಕ ಹಾಕಿದರೆ ಆಗುವುದು 10,248. ಮುಂಗಡ ಕಟ್ಟಿದವರು 392 ರೂಪಾಯಿ ಹೆಚ್ಚು ಕೊಡುತ್ತಿದ್ದಾರೆ. ಮುಂದೆ ದರ ಏರಬಹುದೆಂಬ ಊಹೆ ಇದರ ಹಿಂದೆ ಇರಬಹುದು. ಆದರೂ ಹಣವನ್ನು ಮೂರು ವರ್ಷ ಮೊದಲೇ ಕೈಗೆ ಪಡೆದವರು ರಿಯಾಯಿತಿ ಕೊಡುವ ಬದಲು ಹೆಚ್ಚು ವಸೂಲಿ ಮಾಡುವುದು, ಬಡ್ಡಿಯ ಲೆಕ್ಕ ನೋಡುತ್ತ ಕಾಲ ಕಳೆದ ನನ್ನಂಥವನಿಗೆ ಸರಿ ಕಾಣುವುದಿಲ್ಲ.

ಇನ್ನು ಓಡಿ ಭಾಗಕ್ಕೆ ಬರುತ್ತೇನೆ. ಜನರಿಗೆ ಅರ್ಥವಾಗದೆ ಉಳಿಯುವ ಏರಿಕೆ ಮುಖ್ಯವಾಗಿ ಇಲ್ಲಿಯೇ ನಡೆಯುತ್ತದೆ. 2007ರ ಜನವರಿ 1ರಿಂದ ಈ ಭಾಗದ ದರ ನಿಯಂತ್ರಣ ತೆಗೆದುಹಾಕಲಾಯಿತು. ಈಗ ಕಂಪನಿಗಳು ಒಂದು ಮೂಲ ದರ ಹಿಡಿದು ಅದರ ಮೇಲೆ ತಮಗೆ ಬೇಕಾದಷ್ಟು ರಿಯಾಯಿತಿ ಕೊಡುತ್ತಿವೆ. ಪಾಲಿಸಿದಾರರಿಗೆ ಗೊತ್ತಿರುವುದು ನೋ ಕ್ಲೇಮ್ ಬೋನಸ್, ಅಂದರೆ ಎನ್‌ಸಿಬಿ: ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ ಶೇ 20, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಆದರೆ ಎನ್‌ಸಿಬಿ ಲೆಕ್ಕ ಶುರುವಾಗುವ ಮೊದಲೇ ಕಂಪನಿಯ ರಿಯಾಯಿತಿ ಕಳೆದಿರುತ್ತದೆ. ಆ ರಿಯಾಯಿತಿ ಪ್ರತಿ ವರ್ಷ ಎಷ್ಟಿರಬೇಕೆಂದು ಯಾರೂ ಮಾತು ಕೊಟ್ಟಿರುವುದಿಲ್ಲ.

ಒಂದು ಲೆಕ್ಕ ನೋಡೋಣ. ದರ ನಿಯಂತ್ರಣವಿದ್ದ ಕಾಲದ ಹಳೆಯ ಟ್ಯಾರಿಫ್ ಪ್ರಕಾರ ಮೈಸೂರಿನಂಥ ‘ಬಿ’ ವಲಯದಲ್ಲಿ (ಬೆಂಗಳೂರಿನಂಥ ಮಹಾನಗರಗಳು ‘ಎ’ ವಲಯ, ಉಳಿದೆಡೆಯೆಲ್ಲ ‘ಬಿ’) ನೋಂದಣಿಯಾದ, 1000ದಿಂದ 1500 ಸಿಸಿಯ, ಐದು ವರ್ಷದೊಳಗಿನ ಕಾರಿನ ಮೂಲ ದರ ಶೇ 3.191. ಕಾರಿನ ಬೆಲೆ 8 ಲಕ್ಷ ಎಂದಿಟ್ಟುಕೊಳ್ಳಿ. ಎರಡು ವರ್ಷ ದಾಟಿದಾಗ ಶೇ 30 ಸವಕಳಿ ಕಳೆದು ಅದರ ಐಡಿವಿ, ಅಂದರೆ ವಿಮೆಯ ಲೆಕ್ಕಕ್ಕೆ ಹಿಡಿಯುವ ಕಾರಿನ ಮೌಲ್ಯ, 5,60,000 ಆಗುತ್ತದೆ. ಮೂಲ ಪ್ರೀಮಿಯಂ 17,870 ರೂಪಾಯಿ. ಕಂಪನಿ ಶೇ 75 ರಿಯಾಯಿತಿ ಕೊಟ್ಟು, ಉಳಿದದ್ದರಲ್ಲಿ ಶೇ 25 ಎನ್‌ಸಿಬಿ ಕಳೆದರೆ ಮಾಲೀಕರು ಕಟ್ಟುವುದು 3,351 ರೂಪಾಯಿ. ಮರುವರ್ಷ ಸವಕಳಿ ಶೇ 40, ಐಡಿವಿ 4,80,000, ಎನ್‌ಸಿಬಿ ಶೇ 35. ಗಾಡಿಯ ಮೌಲ್ಯ 80,000 ರೂಪಾಯಿ ಇಳಿದಿದೆ, ಬೋನಸ್ ಏರಿದೆ. ರಿಯಾಯಿತಿ ಅಷ್ಟೇ ಇದ್ದಿದ್ದರೆ ಪ್ರೀಮಿಯಂ 2,489ಕ್ಕೆ ಇಳಿಯಬೇಕಿತ್ತು. ಆದರೆ ಕಂಪನಿ ರಿಯಾಯಿತಿಯನ್ನು 75ರಿಂದ 60ಕ್ಕೆ ಇಳಿಸಿದರೆ ಬರುವ ಮೊತ್ತ 3,982, ಅಂದರೆ ಸುಮಾರು ಶೇ 19 ಏರಿಕೆ. ಅದೇ ವರ್ಷ ಥರ್ಡ್ ಪಾರ್ಟಿ ಭಾಗವೂ ಮರಳಿ ಬರುವುದರಿಂದ ಜಿಎಸ್‌ಟಿ ಸೇರಿ ಕಳೆದ ವರ್ಷ 3,954 ಇದ್ದ ಬಿಲ್ಲು ಈ ವರ್ಷ 8,730 ಆಗುತ್ತದೆ. ಇದು ನಾನು ಲೆಕ್ಕಕ್ಕೆಂದು ಹಿಡಿದ ಉದಾಹರಣೆ, ನಿಜ. ಆದರೆ ನನ್ನ ಮೇಜಿನ ಮೇಲೆ ಬಂದ ಪಾಲಿಸಿಗಳಲ್ಲಿ ಇದೇ ಬಗೆಯ ಏರಿಳಿತವನ್ನು ಮತ್ತೆ ಮತ್ತೆ ಕಂಡಿದ್ದೇನೆ. ನೋಟಿಸಿನ ತುದಿಯಲ್ಲಿ ಮಾತ್ರ ‘ನಿಮ್ಮ ಎನ್‌ಸಿಬಿ ಶೇ 35ಕ್ಕೆ ಏರಿದೆ, ಅಭಿನಂದನೆಗಳು’ ಎಂದಿರುತ್ತದೆ. ಕೊಡುವುದನ್ನು ಎದ್ದು ಕಾಣುವಂತೆ ಬರೆದು, ಕಿತ್ತುಕೊಂಡದ್ದನ್ನು ಎಲ್ಲಿಯೂ ಬರೆಯದಿದ್ದರೆ ಪಾಲಿಸಿದಾರರಿಗೆ ಪೂರ್ತಿ ಮಾಹಿತಿ ಕೊಟ್ಟಂತಾಗುವುದಿಲ್ಲ.

ರಿಯಾಯಿತಿ ಇಳಿಯುವುದು ಯಾರಿಗೆ ಎಂಬುದನ್ನೂ ತಾವು ಗಮನಿಸಬೇಕು. ನಮ್ಮ ಎದುರು ಮನೆಯವರಿಗೆ ಅವರ ಕಂಪನಿ ನವೀಕರಣಕ್ಕೆ ಕೇಳಿದ ಮೊತ್ತ ಒಂದು. ಅದೇ ಕಂಪನಿಯ ಜಾಲತಾಣದಲ್ಲಿ ಹೊಸ ಗ್ರಾಹಕರಂತೆ ಅದೇ ಕಾರಿನ, ಅದೇ ಐಡಿವಿಯ, ಅದೇ ಎನ್‌ಸಿಬಿಯ ವಿವರ ತುಂಬಿ ನೋಡಿದಾಗ ಬಂದ ಮೊತ್ತ ಅದಕ್ಕಿಂತ ಕಡಿಮೆ. ಫೋನ್ ಮಾಡಿ ಬೇರೆ ಕಂಪನಿಗೆ ಹೋಗುತ್ತೇವೆ ಎಂದಾಗ ಆ ಕಡೆಯವರು ಒಂದೆರಡು ನಿಮಿಷ ತಡೆಯಲು ಹೇಳಿ ಮೊತ್ತವನ್ನು ಇಳಿಸಿದರು. ಜಗಳವಾಡಿದವರಿಗೆ ಕಡಿಮೆ, ಸುಮ್ಮನೆ ಕಟ್ಟುವವರಿಗೆ ಹೆಚ್ಚು ಎಂದಾದರೆ, ಆ ಹೆಚ್ಚಿನ ಹಣಕ್ಕೂ ಅಪಘಾತದ ಸಂಭವಕ್ಕೂ ಸಂಬಂಧವೇ ಇಲ್ಲ ಎಂದಾಯಿತು. ಹೀಗೆ ಸುಮ್ಮನೆ ಕಟ್ಟುವವರು ಯಾರು? ಪ್ರತಿ ವರ್ಷ ತಪ್ಪದೆ, ಅವಧಿ ಮುಗಿಯುವ ಮೊದಲೇ, ಒಂದೇ ಕಂಪನಿಯಲ್ಲಿ ನವೀಕರಿಸುವವರು; ವಯಸ್ಸಾದವರು; ಆನ್‌ಲೈನಿನಲ್ಲಿ ಹತ್ತು ಕಡೆ ಹುಡುಕಲು ಬಾರದವರು. ರಸ್ತೆಯಲ್ಲಿ ಅಚ್ಚುಕಟ್ಟಾಗಿ ನಡೆದುಕೊಳ್ಳುವವರೂ ಬಹುಪಾಲು ಇವರೇ ಎಂಬುದು ನನ್ನ ಅನುಭವ.

ಈಗ ಎನ್‌ಸಿಬಿಯ ವಿಷಯ. ಈ ಪತ್ರ ಬರೆಯಲು ನನ್ನನ್ನು ಹಚ್ಚಿದ್ದು ಇದೇ. ಎಚ್ಚರದ ಚಾಲನೆಗೆ ಸಿಗುವ ಬಹುಮಾನ ಇದೆಂದು ಜನ ನಂಬಿದ್ದಾರೆ, ಏಜೆಂಟರೂ ಹಾಗೆಯೇ ಹೇಳುತ್ತಾರೆ. ವಾಸ್ತವದಲ್ಲಿ ಇದು ಹಣ ಕೇಳದಿದ್ದುದಕ್ಕೆ ಸಿಗುವ ಬಹುಮಾನ. ಹುಣಸೂರು ರಸ್ತೆಯ ಸಿಗ್ನಲ್ ಒಂದರಲ್ಲಿ ಕೆಂಪು ದೀಪ ಬಿದ್ದು ನಾನು ಕಾರು ನಿಲ್ಲಿಸಿದ್ದಾಗ ಹಿಂದಿನಿಂದ ಲಗೇಜ್ ಆಟೊವೊಂದು ಬಂದು ಗುದ್ದಿತು. ಹಿಂದಿನ ಬಾಗಿಲು, ಬಂಪರು, ಒಂದು ಕಡೆಯ ದೀಪ ಎಲ್ಲ ಜಖಂ. ಸಂಚಾರ ಪೊಲೀಸರು ಬಂದರು, ಆಟೊದವರು ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು, ಆದರೆ ಅವರ ಗಾಡಿಗೆ ವಿಮೆ ಇರಲಿಲ್ಲ. ದಿನದ ಬಾಡಿಗೆಯಲ್ಲಿ ಮನೆ ನಡೆಸುವವರಿಂದ ಹಣ ವಸೂಲಿ ಮಾಡುವ ಮನಸ್ಸು ನನಗಿರಲಿಲ್ಲ, ಅವರಲ್ಲಿ ಅಷ್ಟು ಹಣವೂ ಇರಲಿಲ್ಲ. ನನ್ನ ಪಾಲಿಸಿಯಲ್ಲೇ ಕ್ಲೇಮ್ ಮಾಡಿದೆ. ಹಾನಿ ಅಂದಾಜು ಮಾಡುವ ಸರ್ವೇಯರ್ ಬಂದು ನೋಡಿದರು, ಗ್ಯಾರೇಜಿನ ಬಿಲ್ಲು ತಕರಾರಿಲ್ಲದೆ ಪಾವತಿಯಾಯಿತು; ಆ ಮಟ್ಟಿಗೆ ಕಂಪನಿಯ ಮೇಲೆ ನನ್ನ ದೂರಿಲ್ಲ. ಮರುವರ್ಷದ ನೋಟಿಸಿನಲ್ಲಿ ನನ್ನ ಶೇ 50ರ ಬೋನಸ್ ಸೊನ್ನೆಯಾಗಿತ್ತು. ನಿಂತ ಕಾರಿಗೆ ಹಿಂದಿನಿಂದ ಗುದ್ದಿದ್ದಾರೆ, ಪೊಲೀಸರ ದಾಖಲೆಯಿದೆ, ನನ್ನ ತಪ್ಪೇನು ಎಂದು ಕೇಳಿದಾಗ ಕಂಪನಿಯವರು ಕೊಟ್ಟ ಉತ್ತರ ಇಷ್ಟೇ: ‘ಸಾರ್, ಕ್ಲೇಮ್ ಅಂದರೆ ಕ್ಲೇಮ್. ತಪ್ಪು ಯಾರದ್ದು ಎಂದು ನಮ್ಮ ಸಿಸ್ಟಂನಲ್ಲಿ ನೋಡುವುದಿಲ್ಲ.’

ಆ ಸಿಬ್ಬಂದಿ ಹೇಳಿದ್ದು ನಿಯಮಕ್ಕೆ ಅನುಗುಣವಾಗಿಯೇ ಇದೆ, ಬದಲಾಗಬೇಕಾದದ್ದು ನಿಯಮ. ಗುದ್ದಿದ ಗಾಡಿಗೆ ವಿಮೆಯಿದ್ದರೂ ನನ್ನ ಸ್ಥಿತಿ ಹೆಚ್ಚೇನೂ ಬದಲಾಗುತ್ತಿರಲಿಲ್ಲ. ಅವರ ಥರ್ಡ್ ಪಾರ್ಟಿ ವಿಮೆಯಿಂದ ನನ್ನ ಕಾರಿನ ರಿಪೇರಿ ಹಣ ಪಡೆಯಲು ನಾನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು, ವಕೀಲರನ್ನು ಹಿಡಿಯಬೇಕು, ತಾರೀಖಿನಿಂದ ತಾರೀಖಿಗೆ ಅಲೆಯಬೇಕು. ಬಾಗಿಲು ಜಖಂ ಆದದ್ದಕ್ಕೆ ಯಾರೂ ಆ ಹಾದಿ ಹಿಡಿಯುವುದಿಲ್ಲ. ಅಷ್ಟಲ್ಲದೆ ನಮ್ಮ ರಸ್ತೆಗಳಲ್ಲಿರುವ ವಾಹನಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ವಿಮೆಯಿಲ್ಲವೆಂದು ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿಯೇ ಕಳವಳ ವ್ಯಕ್ತಪಡಿಸಿದೆ. ವಿಮೆಯಿಲ್ಲದೆ ಓಡಿಸಿದರೆ ಮೊದಲ ಬಾರಿಗೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಎಂದು ಕಾನೂನಿದ್ದರೂ ಪರಿಸ್ಥಿತಿ ಹೀಗಿದೆ. ವಿಮೆ ಮಾಡಿಸದವರು ಮಾಡುವ ಹಾನಿಯ ವೆಚ್ಚವನ್ನು ವಿಮೆ ಮಾಡಿಸಿದವರು ತಮ್ಮ ಬೋನಸ್ ಕಳೆದುಕೊಂಡು ತೆರುತ್ತಿದ್ದಾರೆ.

ಆ ಬೋನಸ್ಸಿನ ಬೆಲೆಯೆಷ್ಟು ಎಂಬುದನ್ನೂ ಲೆಕ್ಕ ಹಾಕಿದ್ದೇನೆ. ಎನ್‌ಸಿಬಿಗೆ ಮುಂಚಿನ ಓಡಿ ಪ್ರೀಮಿಯಂ 6,000 ರೂಪಾಯಿ ಇದ್ದು, ಅದು ಬದಲಾಗದೆ ಉಳಿಯುತ್ತದೆ ಎಂದುಕೊಂಡರೆ, ಶೇ 50 ಬೋನಸ್ ಇರುವವರು ಒಂದು ಕ್ಲೇಮ್ ಮಾಡಿದ ಬಳಿಕ ಮೊದಲ ವರ್ಷ 3,000, ಮುಂದಿನ ವರ್ಷಗಳಲ್ಲಿ ಕ್ರಮವಾಗಿ 1,800, 1,500, 900, 300 ರೂಪಾಯಿ ಹೆಚ್ಚಿಗೆ ಕಟ್ಟಬೇಕಾಗುತ್ತದೆ. ಒಟ್ಟು 7,500 ರೂಪಾಯಿ. ಅಂದರೆ ಅಷ್ಟಕ್ಕಿಂತ ಕಡಿಮೆಯ ರಿಪೇರಿಗೆ ಕ್ಲೇಮ್ ಮಾಡುವುದು ನಷ್ಟದ ವ್ಯವಹಾರ. ಇದನ್ನು ಅರಿತವರು ಸಣ್ಣಪುಟ್ಟ ಹಾನಿಯನ್ನು ಕೈಯಿಂದಲೇ ಭರಿಸುತ್ತಾರೆ. ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಸಿಗುವುದು ಅರ್ಧ ಬೆಲೆ ಮಾತ್ರವಾದ್ದರಿಂದ, ಬಂಪರ್ ಒಡೆದವರು ಕ್ಲೇಮ್ ಮಾಡಿದರೂ ಉಳಿದರ್ಧವನ್ನು ಕೊಟ್ಟು, ಬೋನಸ್ಸನ್ನೂ ಬಿಡಬೇಕು. ಬೋನಸ್ ಉಳಿಸಿಕೊಳ್ಳಬೇಕೆಂದರೆ ‘ಎನ್‌ಸಿಬಿ ಪ್ರೊಟೆಕ್ಟ್’ ಎಂಬ ಇನ್ನೊಂದು ಆಡ್‌ಆನ್, ಅಂದರೆ ಹೆಚ್ಚು ಹಣ ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವ ರಕ್ಷಣೆ, ಕೊಳ್ಳಿ ಎನ್ನುತ್ತಾರೆ. ತಪ್ಪು ಮಾಡದವರು ತಮ್ಮ ಬಹುಮಾನವನ್ನು ಕಾಪಾಡಿಕೊಳ್ಳಲು ಮತ್ತೆ ಹಣ ಕಟ್ಟಬೇಕೇ?

ಥರ್ಡ್ ಪಾರ್ಟಿ ಭಾಗದಲ್ಲಂತೂ ಚಾಲಕನ ನಡತೆಗೆ ಯಾವ ಬೆಲೆಯೂ ಇಲ್ಲ. ಜನರ ಜೀವಕ್ಕೆ ಅಪಾಯ ತರುವಂತೆ ಓಡಿಸಿ ಪರಿಹಾರದ ಪ್ರಕರಣಗಳನ್ನು ಮೈಮೇಲೆ ಎಳೆದುಕೊಂಡವರೂ, ಮೂವತ್ತು ವರ್ಷ ಯಾರಿಗೂ ತಾಗಿಸದೆ ಓಡಿಸಿದವರೂ ಒಂದೇ ಸಿಸಿಯ ಕಾರಿಗೆ ಕಟ್ಟುವುದು ಒಂದೇ 3,416 ರೂಪಾಯಿ. ಈ ದರವನ್ನು ಈಗ ತಮ್ಮೊಂದಿಗೆ ಸಮಾಲೋಚಿಸಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ನಿಗದಿಪಡಿಸುತ್ತದೆ ಎಂಬುದು ನನಗೆ ತಿಳಿದಿದೆ. ಆದರೆ ಸಲಹೆ ಕೊಡುವ ಸ್ಥಾನದಲ್ಲಿ ತಾವಿದ್ದೀರಿ. 2021ರ ಜನವರಿಯಲ್ಲಿ ತಮ್ಮದೇ ಕಾರ್ಯಗುಂಪು ಸಂಚಾರ ನಿಯಮ ಉಲ್ಲಂಘನೆಗೆ ಪ್ರತ್ಯೇಕ ಪ್ರೀಮಿಯಂ ವಿಧಿಸುವ ಪ್ರಸ್ತಾವವನ್ನು ಮುಂದಿಟ್ಟಿತ್ತು. ಇ-ಚಲನ್‌ಗಳು ವಾಹನದ ಸಂಖ್ಯೆಯ ಮೇಲೆಯೇ ದಾಖಲಾಗುತ್ತಿವೆ. ಪಾಲಿಸಿ ಮತ್ತು ಕ್ಲೇಮುಗಳ ವಿವರ ತಾವೇ ಸ್ಥಾಪಿಸಿದ ಇನ್ಶೂರೆನ್ಸ್ ಇನ್ಫರ್ಮೇಷನ್ ಬ್ಯೂರೋದಲ್ಲಿ ಇದೆ. ಯಾರು ಹೇಗೆ ಓಡಿಸುತ್ತಾರೆಂದು ತಿಳಿಯುವ ದಾರಿಯೇ ಇಲ್ಲ ಎಂದು ಇನ್ನು ಹೇಳುವಂತಿಲ್ಲ.

2022ರ ಜುಲೈನಲ್ಲಿ ಓಡಿಸಿದಷ್ಟಕ್ಕೆ ಮತ್ತು ಓಡಿಸಿದ ಬಗೆಗೆ ತಕ್ಕಂತೆ ಪ್ರೀಮಿಯಂ ಕಟ್ಟುವ ಆಡ್‌ಆನ್‌ಗಳಿಗೆ ತಾವು ಅನುಮತಿ ಕೊಟ್ಟಿರಿ. ಅದನ್ನು ನಾನು ಮನಃಪೂರ್ವಕ ಸ್ವಾಗತಿಸಿದವನು. ತರಕಾರಿ ಅಂಗಡಿಗೆ, ಆಸ್ಪತ್ರೆಗೆ, ವರ್ಷಕ್ಕೊಮ್ಮೆ ಊರ ಜಾತ್ರೆಗೆ ಮಾತ್ರ ಕಾರು ತೆಗೆಯುವ ನಿವೃತ್ತರಿಗೆ ಇದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಆದರೆ ನನ್ನ ಬಳಿಗೆ ಬಂದ ನವೀಕರಣ ನೋಟಿಸುಗಳಲ್ಲಿ ಇದರ ಪ್ರಸ್ತಾಪವನ್ನೇ ನಾನು ಕಂಡಿಲ್ಲ. ಜೀರೋ ಡೆಪ್, ಎಂಜಿನ್ ಪ್ರೊಟೆಕ್ಟ್, ಕನ್ಸ್ಯೂಮಬಲ್ಸ್, ರಿಟರ್ನ್ ಟು ಇನ್‌ವಾಯ್ಸ್ ಎಂದು ಪ್ರೀಮಿಯಂ ಏರಿಸುವ ಆಡ್‌ಆನ್‌ಗಳಿಗೆ ಮೊದಲೇ ಟಿಕ್ ಹಾಕಿರುತ್ತದೆ. ಇಳಿಸುವಂಥದ್ದನ್ನು ನಾವೇ ಹುಡುಕಿಕೊಂಡು ಹೋಗಬೇಕು. ಮಾಲೀಕ-ಚಾಲಕರ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯ ಕಥೆಯೂ ಇಂಥದ್ದೇ. ಬೇರೆಡೆ ಅಷ್ಟು ಮೊತ್ತದ ವಿಮೆ ಇದ್ದವರು ಇದನ್ನು ಮತ್ತೆ ಕೊಳ್ಳಬೇಕಿಲ್ಲ. ಆದರೂ ಮನೆಯಲ್ಲಿ ಒಂದು ಕಾರು, ಒಂದು ಸ್ಕೂಟರ್ ಇರುವ ಎಷ್ಟೋ ಮಂದಿ ಎರಡಕ್ಕೂ ಬೇರೆ ಬೇರೆಯಾಗಿ ಕಟ್ಟುತ್ತಿರುವುದನ್ನು ನೋಡಿದ್ದೇನೆ.

ವಲಯದ ವಿಷಯವನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಬೆಂಗಳೂರಿನಲ್ಲಿ ನೋಂದಣಿಯಾಗಿ ಈಗ ಹಾಸನದ ಹಳ್ಳಿಯಲ್ಲಿರುವ ಕಾರು ‘ಎ’ ವಲಯದ ಹೆಚ್ಚಿನ ದರ ಕಟ್ಟುತ್ತದೆ, ಮೈಸೂರಿನ ನೋಂದಣಿಯಿದ್ದು ದಿನವೂ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಓಡುವ ಕಾರು ‘ಬಿ’ ವಲಯದ್ದು. 2002ರ ಟ್ಯಾರಿಫ್‌ನ ಈ ವಿಂಗಡಣೆಗೆ ಇಂದಿನ ರಸ್ತೆಗಳೊಂದಿಗೆ ಸಂಬಂಧ ಉಳಿದಿಲ್ಲ.

ಬೇರೆ ದೇಶಗಳಲ್ಲಿ ಇವುಗಳಿಗೆ ಪರಿಹಾರ ಕಂಡುಕೊಂಡಿದ್ದಾರೆ. ಹಳೆಯ ಗ್ರಾಹಕರಿಂದ ವರ್ಷ ವರ್ಷವೂ ಸದ್ದಿಲ್ಲದೆ ಹೆಚ್ಚು ವಸೂಲಿ ಮಾಡುವ ಪದ್ಧತಿಯನ್ನು ಬ್ರಿಟನ್ನಿನ ಹಣಕಾಸು ನಿಯಂತ್ರಣ ಸಂಸ್ಥೆ ಎಫ್‌ಸಿಎ 2022ರ ಜನವರಿ 1ರಿಂದ ನಿಷೇಧಿಸಿತು. ಕಾರು ಮತ್ತು ಮನೆಯ ವಿಮೆ ನವೀಕರಿಸುವವರಿಗೆ, ಅದೇ ಕಂಪನಿ ಅಂಥದ್ದೇ ಹೊಸ ಗ್ರಾಹಕರಿಗೆ ಹೇಳುವ ದರಕ್ಕಿಂತ ಹೆಚ್ಚು ಹೇಳುವಂತಿಲ್ಲ. ಫ್ರಾನ್ಸಿನಲ್ಲಿ ತಪ್ಪಿಲ್ಲದ ಪ್ರತಿ ವರ್ಷಕ್ಕೂ ಪ್ರೀಮಿಯಂನ ಗುಣಾಂಕ ಶೇ 5ರಷ್ಟು ಇಳಿಯುತ್ತ ಅರ್ಧದವರೆಗೂ ಬರುತ್ತದೆ. ಪೂರ್ತಿ ತಪ್ಪು ತನ್ನದಾದ ಅಪಘಾತಕ್ಕೆ ಶೇ 25 ಏರುತ್ತದೆ, ಅರ್ಧ ತಪ್ಪಿಗೆ ಅದರ ಅರ್ಧ, ತಪ್ಪೇ ಇಲ್ಲದವರಿಗೆ ಏರಿಕೆಯೂ ಇಲ್ಲ. ಅಲ್ಲಿನ ಎಲ್ಲವನ್ನೂ ಇಲ್ಲಿಗೆ ತನ್ನಿ ಎಂದು ನಾನು ಕೇಳುತ್ತಿಲ್ಲ. ತಪ್ಪು ಯಾರದ್ದೆಂದು ನೋಡಿ ದರ ನಿಗದಿಪಡಿಸುವುದು ಆಗದ ಕೆಲಸವಲ್ಲ ಎಂದು ತೋರಿಸಲು ಇಷ್ಟು ಸಾಕು.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ಕೋರಿಕೆ, ನವೀಕರಣ ನೋಟಿಸಿಗೆ ಎಲ್ಲ ಕಂಪನಿಗಳಿಗೂ ಒಂದೇ ನಮೂನೆ ಗೊತ್ತುಮಾಡಬೇಕು ಎಂಬುದು. ಅದರಲ್ಲಿ ಕಳೆದ ವರ್ಷದ ಮತ್ತು ಈ ವರ್ಷದ ಐಡಿವಿ, ಮೂಲ ದರ, ಕಂಪನಿಯ ರಿಯಾಯಿತಿ, ಎನ್‌ಸಿಬಿ, ಪ್ರತಿ ಆಡ್‌ಆನ್, ಥರ್ಡ್ ಪಾರ್ಟಿ ಮೊತ್ತ ಮತ್ತು ತೆರಿಗೆ ಅಕ್ಕಪಕ್ಕದಲ್ಲಿ ಕಾಣಬೇಕು. ಯಾವುದು ಬದಲಾಗಿದೆಯೋ ಅದರ ಮುಂದೆ ಕಾರಣವನ್ನು ಕನ್ನಡವೂ ಸೇರಿದಂತೆ ಪಾಲಿಸಿದಾರರು ಆಯ್ದುಕೊಂಡ ಭಾಷೆಯಲ್ಲಿ ಬರೆಯಬೇಕು. ಮೂರು ವರ್ಷದ ಥರ್ಡ್ ಪಾರ್ಟಿ ಅವಧಿ ಮುಗಿಯುವ ದಿನವನ್ನು ಕಾರು ಮಾರುವಾಗಲೇ ತಿಳಿಸಬೇಕು. ಕೇಳದ ಆಡ್‌ಆನ್‌ಗಳಿಗೆ ಮೊದಲೇ ಟಿಕ್ ಹಾಕಿಡುವುದನ್ನು ನಿಲ್ಲಿಸಬೇಕು. ಇದಕ್ಕೆ ಸಂಸತ್ತಿನ ತಿದ್ದುಪಡಿಯೇನೂ ಬೇಕಾಗಿಲ್ಲ, ತಮ್ಮ ಒಂದು ಸುತ್ತೋಲೆ ಸಾಕೆಂದು ನಾನು ನಂಬಿದ್ದೇನೆ. ಅದರ ಜೊತೆಯಲ್ಲೇ, ನವೀಕರಿಸುವವರ ದರ ಅದೇ ಕಂಪನಿಯ ಹೊಸ ಗ್ರಾಹಕರ ದರವನ್ನು ಮೀರಬಾರದೆಂಬ ನಿಯಮವನ್ನೂ ತರಬೇಕು.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ತಪ್ಪು ತಮ್ಮದಲ್ಲದ ಅಪಘಾತದಲ್ಲಿ ಕ್ಲೇಮ್ ಮಾಡಿದವರ ಎನ್‌ಸಿಬಿಯನ್ನು ಕಡಿತಗೊಳಿಸಬಾರದು. ತಪ್ಪು ಯಾರದ್ದೆಂದು ತೀರ್ಮಾನಿಸಲು ಪೊಲೀಸರ ದಾಖಲೆ, ಎದುರಿನವರ ಲಿಖಿತ ಒಪ್ಪಿಗೆ, ಡ್ಯಾಶ್‌ಕ್ಯಾಮ್ ಅಥವಾ ಸಿಗ್ನಲ್ಲಿನ ಕ್ಯಾಮೆರಾದ ದೃಶ್ಯ ಇವುಗಳಲ್ಲಿ ಒಂದಿದ್ದರೂ ಪರಿಗಣಿಸಬೇಕು. ಸ್ಥಳಕ್ಕೆ ಬರುವ ಸರ್ವೇಯರ್ ತಮ್ಮ ವರದಿಯಲ್ಲಿ ಈ ಬಗ್ಗೆ ಒಂದು ಕಾಲಂ ತುಂಬುವಂತಾಗಬೇಕು. ಮಳೆಗೆ ಮರ ಬಿದ್ದು, ಪ್ರವಾಹದ ನೀರು ನುಗ್ಗಿ ಆಗುವ ಹಾನಿಗೂ ಇದು ಅನ್ವಯವಾಗಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಭಾಗದಲ್ಲಿ ಮನೆಯ ಮುಂದೆ, ನೆಲಮಾಳಿಗೆಯಲ್ಲಿ ನಿಂತಲ್ಲೇ ಮುಳುಗಿದ ಕಾರುಗಳ ಮಾಲೀಕರು ಯಾವ ಅಜಾಗರೂಕತೆ ತೋರಿದ್ದರು? ವಿಮಾ ಕಂಪನಿಗಳು ತಪ್ಪು ಮಾಡಿದ ಗಾಡಿಯ ವಿಮಾ ಕಂಪನಿಯಿಂದ ಹಣವನ್ನು ತಮ್ಮತಮ್ಮಲ್ಲೇ ವಸೂಲಿ ಮಾಡಿಕೊಳ್ಳುವ ವ್ಯವಸ್ಥೆಯನ್ನು ಬಲಪಡಿಸಿದರೆ ಅವುಗಳಿಗೂ ಇದು ಹೊರೆಯಾಗುವುದಿಲ್ಲ. ಪಾಲಿಸಿಯ ಅವಧಿ ಮುಗಿದು 90 ದಿನ ದಾಟಿದರೆ ಬೋನಸ್ ಪೂರ್ತಿ ಹೋಗುವ ನಿಯಮದಲ್ಲಿಯೂ, ಆಸ್ಪತ್ರೆ ಸೇರಿದವರಿಗೆ, ವಿದೇಶದಲ್ಲಿರುವ ಮಕ್ಕಳ ಬಳಿಗೆ ಹೋಗಿ ಕಾರನ್ನು ಮನೆಯಲ್ಲೇ ನಿಲ್ಲಿಸಿದವರಿಗೆ ವಿನಾಯಿತಿ ಬೇಕು.

ಥರ್ಡ್ ಪಾರ್ಟಿ ದರದಲ್ಲಿ ಚಾಲಕನ ದಾಖಲೆಗೆ ತಕ್ಕ ಇಳಿಕೆ, ಏರಿಕೆ ತರುವ ಬಗ್ಗೆ ತಾವು ಸಚಿವಾಲಯಕ್ಕೆ ಶಿಫಾರಸು ಮಾಡಬೇಕೆಂದೂ ಕೋರುತ್ತೇನೆ. ತೆರಿಗೆಯ ವಿಷಯ ಜಿಎಸ್‌ಟಿ ಮಂಡಳಿಗೆ ಸೇರಿದ್ದು. ಆದರೂ 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳ ಜೀವ ವಿಮೆಗೂ ಆರೋಗ್ಯ ವಿಮೆಗೂ ತೆರಿಗೆ ಇಲ್ಲವೆಂದಾದ ಮೇಲೆ, ಕಾನೂನೇ ಕಡ್ಡಾಯ ಮಾಡಿರುವ, ಅಪಘಾತಕ್ಕೀಡಾದ ಬಡ ಕುಟುಂಬಗಳಿಗೆ ಆಸರೆಯಾಗುವ ಥರ್ಡ್ ಪಾರ್ಟಿ ವಿಮೆಯ ಮೇಲೆ ಕಾರು ಮಾಲೀಕರಿಂದ ಶೇ 18 ಪಡೆಯುವುದನ್ನು ಮರುಪರಿಶೀಲಿಸುವಂತೆ ತಾವು ಮಂಡಳಿಗೆ ಬರೆಯಬಹುದು. ಪ್ರೀಮಿಯಂ ಇಳಿದರೆ ವಿಮೆಯಿಲ್ಲದೆ ಓಡುವ ಗಾಡಿಗಳ ಸಂಖ್ಯೆಯೂ ಇಳಿಯುತ್ತದೆ. ನನ್ನ ಕಾರಿಗೆ ಗುದ್ದಿದ ಲಗೇಜ್ ಆಟೊದಂಥವುಗಳ ವಿಷಯದಲ್ಲೂ ಇದನ್ನು ಯೋಚಿಸಬೇಕು.

ಬೀಮಾ ಭರೋಸಾ ಪೋರ್ಟಲ್ಲಿನಲ್ಲಿ ದೂರು ದಾಖಲಿಸುವ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗುವ ದಾರಿ ಇದೆಯೆಂದು ನನಗೆ ಗೊತ್ತು. ಒಂದು ಪಾಲಿಸಿಯಲ್ಲಿ ಷರತ್ತಿಗೆ ವಿರುದ್ಧವಾಗಿ ಏನಾದರೂ ನಡೆದಿದ್ದರೆ ಅಲ್ಲಿಗೇ ಹೋಗುತ್ತಿದ್ದೆ. ಇಲ್ಲಿ ನಡೆದಿರುವುದೆಲ್ಲ ಷರತ್ತಿಗೆ ಅನುಗುಣವಾಗಿಯೇ ನಡೆದಿದೆ, ಆದ್ದರಿಂದ ಷರತ್ತನ್ನೇ ತಿದ್ದಬಲ್ಲವರ ಮುಂದೆ ನಿಲ್ಲಬೇಕಾಯಿತು. ಈ ವಿಷಯಗಳ ಬಗ್ಗೆ ಕರಡು ನಿಯಮವೊಂದನ್ನು ಸಿದ್ಧಪಡಿಸಿ, ಸಾರ್ವಜನಿಕರ ಅಭಿಪ್ರಾಯಕ್ಕೆ ತೆರೆದಿಡಬೇಕೆಂದು ಪ್ರಾರ್ಥಿಸುತ್ತೇನೆ. ನನ್ನ ಬಳಿಗೆ ಬಂದ ಹಳೆಯ ಮತ್ತು ಹೊಸ ಪಾಲಿಸಿಗಳ ಪ್ರತಿಗಳನ್ನು, ಮಾಲೀಕರ ಒಪ್ಪಿಗೆ ಪಡೆದು, ಹೆಸರು ಮತ್ತು ವಾಹನದ ಸಂಖ್ಯೆ ಮರೆಮಾಡಿ, ಪ್ರಾಧಿಕಾರ ಕೇಳಿದ ದಿನವೇ ಕಳುಹಿಸಿಕೊಡಲು ಸಿದ್ಧನಿದ್ದೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ಪಾಲಿಸಿದಾರ

ಪ್ರತಿ: ಕಾರ್ಯದರ್ಶಿಗಳು, ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ, ನವದೆಹಲಿ.